ಬೇಟೆಗಾರನ ಬೇಸಾಯ: ಜಿಂಕೆಗಾಗಿ ಬಿತ್ತುವ ಮೇವಿನ ತಾಕುಗಳ ಇತಿಹಾಸ ಮತ್ತು ವಿಧಾನ

ರಾಗಿ ತೆನೆಗಟ್ಟುವ ಕಾಲದಲ್ಲಿ, ಅವರೆ ಹೂವಿಡುವ ಕಾಲದಲ್ಲಿ, ಕಾಡಂಚಿನ ಹೊಲದವನು ಅಟ್ಟಣೆಯ ಮೇಲೆ ಇರುಳೆಲ್ಲ ಎಚ್ಚರವಾಗಿ ಕುಳಿತು, ತಮಟೆ ಬಡಿದು, ಕವಣೆ ಬೀಸಿ, ಜಿಂಕೆ ಹಂದಿಗಳನ್ನು ಅಟ್ಟುವುದು ನಮ್ಮ ನಾಡಿನಲ್ಲಿ ಅನೇಕರು ಕಂಡ ಸಂಗತಿ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಹಳ್ಳಿಗಾಡಿನಲ್ಲಿಯೂ ಹೊಲದ ಅಂಚಿನಲ್ಲಿ ಅಟ್ಟಣೆಯುಂಟು. ಅದರ ಮೇಲೆ ಮನುಷ್ಯನೂ ಉಂಟು. ಆದರೆ ಅವನು ಅಲ್ಲಿ ಕುಳಿತಿರುವುದು ಜಿಂಕೆಯನ್ನು ಅಟ್ಟುವುದಕ್ಕಲ್ಲ; ಅದು ಬರಲೆಂದು. ಎದುರಿಗಿರುವ ಪೈರನ್ನು ಅವನು ಬಿತ್ತಿರುವುದೇ ಜಿಂಕೆಗಾಗಿ. ಮಣ್ಣು ಪರೀಕ್ಷೆ ಮಾಡಿಸಿ, ಸುಣ್ಣ ಹರಡಿ, ಗೊಬ್ಬರವಿಕ್ಕಿ, ಕಳೆ ತೆಗೆದು, ಒಂದು ಕಾಳನ್ನೂ ಮನೆಗೆ ತಾರದೆ ಬಿಡುವ ಈ ವಿಚಿತ್ರ ಬೇಸಾಯಕ್ಕೆ ಅಲ್ಲಿಯವರು ಫುಡ್ ಪ್ಲಾಟ್ ಎನ್ನುತ್ತಾರೆ. ನಾವು ಇದನ್ನು ಮೇವಿನ ತಾಕು ಎಂದು ಕರೆಯೋಣ.

ಇತಿಹಾಸದ ಅಧ್ಯಾಪಕರಿಗೆ ಈ ವಿಷಯದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಇಂಗ್ಲೆಂಡಿನ ಮಧ್ಯಯುಗದ ಅರಣ್ಯಶಾಸನವನ್ನು ತರಗತಿಯಲ್ಲಿ ವಿವರಿಸುವಾಗ ವಿದ್ಯಾರ್ಥಿಗಳು ವರ್ಷವರ್ಷವೂ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ‘ಕಾಡಿನಲ್ಲಿ ತಿರುಗುವ ಜಿಂಕೆ ಯಾರದು?’ ಈ ಪ್ರಶ್ನೆಗೆ ಕಾನೂನು ಒಂದು ಉತ್ತರವನ್ನು ಕೊಟ್ಟರೆ ಬೇಲಿ ಇನ್ನೊಂದು ಉತ್ತರವನ್ನು ಕೊಟ್ಟಿತು. ಮೇವಿನ ತಾಕಿನ ವೃತ್ತಾಂತವನ್ನು ಅರಸಿಕೊಂಡು ಹೋದಾಗ ನಮಗೆ ತೋರಿದ್ದೇನೆಂದರೆ, ನೇಗಿಲು ಅದಕ್ಕೆ ಮೂರನೆಯ ಉತ್ತರವನ್ನು ಕೊಡುತ್ತಿದೆಯೆಂಬುದು.

ಬೇಟೆಗಾಗಿ ನೆಲವನ್ನು ಅಣಿಗೊಳಿಸುವ ಪದ್ಧತಿ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅರಸನ ವಿಹಾರಕ್ಕೆಂದು ನಿರ್ಮಿಸಬೇಕಾದ ಮೃಗವನದ ವರ್ಣನೆಯಿದೆ. ಅದಕ್ಕೆ ಒಂದೇ ಬಾಗಿಲು, ಸುತ್ತಲೂ ಕಂದಕ, ಒಳಗೆ ಸಿಹಿಹಣ್ಣಿನ ಗಿಡಪೊದೆಗಳು, ಮುಳ್ಳಿಲ್ಲದ ಮರಗಳು, ಆಳವಿಲ್ಲದ ನೀರಿನ ತಾಣಗಳು, ಕ್ರೂರಮೃಗಗಳಿದ್ದರೆ ಅವುಗಳ ಉಗುರು ಹಲ್ಲುಗಳನ್ನು ಮೊದಲೇ ಮುರಿದಿರಬೇಕು. ಹಣ್ಣು ಮತ್ತು ನೀರು ಮೃಗಗಳಿಗೆ. ಬಾಗಿಲು ಮತ್ತು ಕಂದಕ ಅರಸನಿಗೆ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಮೃಗಯೆ ಒಂದು ವಿನೋದವಾಗಿ ಸವಿಸ್ತಾರವಾಗಿ ನಿರೂಪಿತವಾಗಿದೆ. ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ಉಪಾಯವೂ ಅಲ್ಲಿದೆ. ಹೊಂಚಿ ಕುಳಿತು ಆಸೆ ತೋರಿಸುವುದು ಎಲ್ಲ ಕಾಲದ ಬೇಟೆಗೂ ಸಾಮಾನ್ಯವೆಂದು ಹೇಳಿದರೆ ತಪ್ಪಾಗಲಾರದು.

ಆದರೆ ಅಮೆರಿಕದ ತಾಕಿಗೆ ನೇರವಾದ ಪೂರ್ವಜನನ್ನು ಹುಡುಕುವುದಾದರೆ ಇಂಗ್ಲೆಂಡಿನ ಜಿಂಕೆವನಗಳಿಗೆ ಹೋಗಬೇಕು. ೧೦೮೬ರ ಡೂಮ್ಸ್‌ಡೇ ದಾಖಲೆಯಲ್ಲಿ ಮೂವತ್ತಕ್ಕೆ ಮಿಕ್ಕಿ ಇಂತಹ ವನಗಳ ಉಲ್ಲೇಖವಿದೆ. ೧೩೦೦ರ ವೇಳೆಗೆ ಅವುಗಳ ಸಂಖ್ಯೆ ೩೨೦೦ರಷ್ಟು ಆಗಿರಬೇಕೆಂದು ಆಲಿವರ್ ರ‍್ಯಾಕಮ್ ಅವರು ಅಂದಾಜು ಮಾಡಿದ್ದಾರೆ. ಪ್ರಭುವಿನ ನೆಲದ ಒಂದು ಭಾಗಕ್ಕೆ ಮಣ್ಣಿನ ದಿಬ್ಬವೇರಿಸಿ, ಅದರ ಮೇಲೆ ಸೀಳಿದ ಓಕ್ ಮರದ ಗೂಟಗಳ ಬೇಲಿ ಕಟ್ಟಿ, ಒಳಗೆ ಫ್ಯಾಲೋ ಜಾತಿಯ ಜಿಂಕೆಗಳನ್ನು ಬಿಡುತ್ತಿದ್ದರು. ಚಳಿಗಾಲದಲ್ಲಿ ಹುಲ್ಲು ಬತ್ತಿದಾಗ ಹಾಲಿ, ಆ್ಯಶ್ ಮೊದಲಾದ ಮರಗಳ ಕೊಂಬೆಗಳನ್ನು ಕಡಿದುಹಾಕಿ ಅವುಗಳನ್ನು ಸಾಕುತ್ತಿದ್ದರು. ಈ ವನಗಳ ಅತ್ಯಂತ ಸ್ವಾರಸ್ಯದ ಅಂಗವೆಂದರೆ ‘ಜಿಂಕೆನೆಗೆತ’ದ ಬೇಲಿ. ಹೊರಗಡೆಯಿಂದ ನೆಲ ಏರಿಕೊಂಡು ಬಂದು ಬೇಲಿಯ ತುದಿಗೆ ಹತ್ತಿರವಾಗುತ್ತದೆ. ಒಳಗಡೆ ಆಳವಾದ ಕಂದಕ. ಹೊರಗಿನ ಜಿಂಕೆ ಸುಲಭವಾಗಿ ಒಳಕ್ಕೆ ಹಾರಬಹುದು. ಒಳಗೆ ಬಂದದ್ದು ಹೊರಕ್ಕೆ ಹಾರಲಾರದು. ನೆರೆಯ ಅರಣ್ಯದಿಂದ ಬರುವ ಅರಸನ ಜಿಂಕೆ ಈ ರೀತಿ ಪ್ರಭುವಿನದಾಗುತ್ತಿತ್ತು. ಆದುದರಿಂದಲೇ ರಾಜಾರಣ್ಯದ ಸಮೀಪದಲ್ಲಿ ಇದನ್ನು ಕಟ್ಟಲು ಅರಸನ ಅಪ್ಪಣೆ ಬೇಕಾಗಿತ್ತು. ಈ ನೆಗೆತದ ಬೇಲಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಬೇಲಿಯ ಹಿಂದೆ ದಂಡನೆಯೂ ಇತ್ತು. ೧೨೧೭ರ ಅರಣ್ಯ ಸನ್ನದು ಜಿಂಕೆಯ ಕಾರಣಕ್ಕಾಗಿ ಯಾರೂ ಪ್ರಾಣವನ್ನಾಗಲಿ ಅಂಗವನ್ನಾಗಲಿ ಕಳೆದುಕೊಳ್ಳಬಾರದೆಂದು ವಿಧಿಸಿತು. ಐದು ಶತಮಾನಗಳ ತರುವಾಯ, ೧೭೨೩ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಈ ವಿಧಿಯನ್ನು ಮರೆತಂತೆ ‘ಕರಿಮುಖದವರ ಶಾಸನ’ವೊಂದನ್ನು ಮಾಡಿತು. ಆಯುಧ ಹಿಡಿದು, ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆವನದಲ್ಲಿ ಕಾಣಿಸಿಕೊಳ್ಳುವುದೇ ಮರಣದಂಡನೆಗೆ ಅರ್ಹವಾದ ಅಪರಾಧವಾಯಿತು. ಈ ಶಾಸನದ ಬಹುಭಾಗ ರದ್ದಾದುದು ೧೮೨೩ರಲ್ಲಿ. ಇದರ ಚರಿತ್ರೆಯನ್ನು ಇ. ಪಿ. ಥಾಮ್ಸನ್ ಅವರು ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಿಡಿಸಿಟ್ಟಿದ್ದಾರೆ. ಆಸಕ್ತ ವಿದ್ಯಾರ್ಥಿಗಳು ಅದನ್ನು ಓದದೆ ಇರಬಾರದು.

ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಐರೋಪ್ಯರು ಬರುವುದಕ್ಕೆ ಮೊದಲೇ ಪೂರ್ವ ಕರಾವಳಿಯ ಮೂಲನಿವಾಸಿಗಳು ಕಾಡಿನ ನೆಲಕ್ಕೆ ಕಾಲಕಾಲಕ್ಕೆ ಬೆಂಕಿಯಿಟ್ಟು ಪೊದೆಗಳನ್ನು ಸುಡುತ್ತಿದ್ದರು. ಸುಟ್ಟ ನೆಲದಲ್ಲಿ ಎಳೆಹುಲ್ಲು ಚಿಗುರಿದರೆ ಜಿಂಕೆ ಅಲ್ಲಿಗೆ ಬರುತ್ತಿತ್ತು, ಅದರ ಹಿಂದೆಯೇ ಬೇಟೆಗಾರ. ಬೀಜವಿಲ್ಲದೆ ಮಾಡಿದ ಮೇವಿನ ತಾಕೆಂದೇ ಇದನ್ನು ಕರೆಯಬೇಕು. ಇಂಗ್ಲೆಂಡಿನಿಂದ ಬಂದ ವಲಸೆಗಾರರು ಈ ಬುದ್ಧಿಪೂರ್ವಕವಾದ ಕೃಷಿಯನ್ನು ಗುರುತಿಸಲಿಲ್ಲ. ಅದನ್ನು ಪ್ರಕೃತಿಯ ಕೊಡುಗೆಯೆಂದೇ ತಿಳಿದರು. ಆದರೆ ತಾಯ್ನಾಡಿನ ಅರಣ್ಯಶಾಸನಗಳ ಕಹಿನೆನಪು ಅವರಲ್ಲಿ ಉಳಿದಿತ್ತು. ೧೭೭೬ರ ಪೆನ್ಸಿಲ್ವೇನಿಯಾ ಸಂವಿಧಾನವು ತನ್ನ ನಿವಾಸಿಗಳಿಗೆ ಸ್ವಂತ ನೆಲದಲ್ಲಿಯಷ್ಟೇ ಅಲ್ಲದೆ ಬೇಲಿಯಿಲ್ಲದ ಇತರ ನೆಲಗಳಲ್ಲಿಯೂ ಬೇಟೆಯಾಡುವ ಸ್ವಾತಂತ್ರ್ಯವನ್ನು ಕೊಟ್ಟಿತು. ಮುಂದೆ ೧೮೯೬ರಲ್ಲಿ, ಕನೆಕ್ಟಿಕಟ್ ರಾಜ್ಯಕ್ಕೆ ಸಂಬಂಧಿಸಿದ ಗೀರ್ ಮೊಕದ್ದಮೆಯಲ್ಲಿ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ವನ್ಯಮೃಗಗಳು ಸಮಸ್ತ ಪ್ರಜೆಗಳ ಸ್ವತ್ತೆಂದೂ ರಾಜ್ಯವು ಅವರ ಪರವಾಗಿ ಅವನ್ನು ಕಾಯುವ ಧರ್ಮದರ್ಶಿಯೆಂದೂ ಹೇಳಿತು. ೧೯೭೯ರಲ್ಲಿ ಆ ತೀರ್ಪನ್ನು ಅದೇ ನ್ಯಾಯಾಲಯ ತಳ್ಳಿಹಾಕಿತಾದರೂ, ರಾಜ್ಯಗಳ ಕಾನೂನುಗಳಲ್ಲಿ ಈ ಧರ್ಮದರ್ಶಿತ್ವದ ಭಾವನೆ ಇಂದಿಗೂ ನಿಂತಿದೆ.

ಎಲ್ಲರದೂ ಆದುದು ಯಾರ ಕಾವಲೂ ಇಲ್ಲದೆ ನಾಶವಾಗುವುದುಂಟು. ಚರ್ಮದ ವ್ಯಾಪಾರ, ಪೇಟೆಯ ಮಾಂಸಕ್ಕಾಗಿ ನಡೆದ ಬೇಟೆ, ಕಾಡುಗಳ ಕಡಿತ ಇವೆಲ್ಲ ಸೇರಿ ಬಿಳಿಬಾಲದ ಜಿಂಕೆ ೧೯೦೦ರ ಸುಮಾರಿಗೆ ದೇಶದಲ್ಲೆಲ್ಲ ಮೂರರಿಂದ ಐದು ಲಕ್ಷದಷ್ಟು ಮಾತ್ರ ಉಳಿದಿತ್ತೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅದೇ ವರ್ಷ ಲೇಸಿ ಶಾಸನವು ಅಕ್ರಮವಾಗಿ ಕೊಂದ ಮೃಗಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು ನಿಷೇಧಿಸಿತು. ೧೯೩೭ರ ಪಿಟ್‌ಮನ್–ರಾಬರ್ಟ್‌ಸನ್ ಶಾಸನವು ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ರಾಜ್ಯಗಳ ವನ್ಯಜೀವಿ ಕಾರ್ಯಕ್ಕೆ ಮೀಸಲಾಗಿಟ್ಟಿತು. ಇವೆರಡರ ನಡುವೆ, ೧೯೩೩ರಲ್ಲಿ, ಆಲ್ಡೊ ಲಿಯೊಪೋಲ್ಡ್ ಅವರ ‘ಗೇಮ್ ಮ್ಯಾನೇಜ್‌ಮೆಂಟ್’ ಎಂಬ ಗ್ರಂಥ ಹೊರಬಂದಿತು. ಬೇಟೆಯ ಮೃಗವೂ ಭೂಮಿಯ ಒಂದು ಬೆಳೆ. ಕೊಡಲಿ, ನೇಗಿಲು, ಹಸು, ಬೆಂಕಿ, ಬಂದೂಕು ಎಂಬ ಯಾವ ಐದು ಸಾಧನಗಳಿಂದ ಅದು ನಾಶವಾಯಿತೋ ಅವುಗಳನ್ನೇ ಜಾಣ್ಮೆಯಿಂದ ಬಳಸಿ ಅದನ್ನು ಮತ್ತೆ ಬೆಳೆಸಬಹುದು, ಎಂಬುದು ಅವರ ವಾದದ ತಿರುಳು. ಮೇವಿನ ತಾಕಿಗೆ ಶಾಸ್ತ್ರದ ಬೆಂಬಲ ದೊರೆತುದು ಇಲ್ಲಿಂದ. ಜಿಂಕೆಗಳು ಹಿಂದಿರುಗಿದವು, ಇಂದು ಅವುಗಳ ಸಂಖ್ಯೆ ಮೂರು ಕೋಟಿಯಷ್ಟೆಂದು ಹೇಳುತ್ತಾರೆ. ಇದರಲ್ಲಿ ಶಾಸನದ ಪಾಲೂ ಉಂಟು. ಬೀಳುಬಿದ್ದ ಹೊಲಗಳಲ್ಲಿ ಪೊದೆಗಾಡು ಬೆಳೆದುದರ ಪಾಲೂ ತೋಳಗಳು ಇಲ್ಲವಾದುದರ ಪಾಲೂ ಉಂಟೆಂಬುದನ್ನು ಮರೆಯಲಾಗದು.

ಇನ್ನು ತಾಕನ್ನು ಮಾಡುವ ಕ್ರಮವನ್ನು ನೋಡೋಣ. ಅಳತೆಯಲ್ಲಿ ಅದು ಕಾಲು ಎಕರೆಯಿಂದ ಮೂರು ನಾಲ್ಕು ಎಕರೆಯವರೆಗೆ ಇರಬಹುದು. ದೊಡ್ಡದು ಹೊಟ್ಟೆ ತುಂಬಿಸುವುದಕ್ಕೆ. ಕಾಡಿನ ನಡುವೆ ಬಿಡಿಸಿದ ಚಿಕ್ಕದು ಹೊಡೆಯುವುದಕ್ಕೆ. ಕಾಡಿನ ಮಣ್ಣು ಬಹುಮಟ್ಟಿಗೆ ಹುಳಿ, ಅದರ ಪಿ.ಎಚ್. ಮಾನ ಐದರ ಆಸುಪಾಸಿನಲ್ಲಿರುವುದು ಸಾಮಾನ್ಯ. ಅಂತಹ ನೆಲದಲ್ಲಿ ರಂಜಕವು ಬೇರಿಗೆ ಸಿಕ್ಕುವುದಿಲ್ಲವಾದ್ದರಿಂದ ಎಷ್ಟು ಗೊಬ್ಬರ ಸುರಿದರೂ ವ್ಯರ್ಥ. ಮೊದಲು ಸುಣ್ಣವನ್ನು ಹರಡಿ ಅದನ್ನು ಆರರಿಂದ ಏಳರ ನಡುವೆ ತರಬೇಕು. ಸುಣ್ಣವು ಮಣ್ಣಿನಲ್ಲಿ ನಿಧಾನವಾಗಿ ಕೆಲಸ ಮಾಡುವುದರಿಂದ ಬಿತ್ತನೆಗೆ ಹಲವು ತಿಂಗಳು ಮುಂಚೆಯೇ ಹಾಕಬೇಕು. ಅನುಭವವಿಲ್ಲದವರು ದುಬಾರಿ ಬೀಜಕ್ಕೆ ಹಣ ಸುರಿದು ಸುಣ್ಣವನ್ನು ಮರೆಯುತ್ತಾರೆಂದು ಬಲ್ಲವರೆಲ್ಲರೂ ಒಂದೇ ಕಂಠದಿಂದ ದೂರುವುದನ್ನು ಕಂಡಿದ್ದೇವೆ. ನಮ್ಮ ಮಲೆನಾಡಿನ ರೈತರಿಗೆ ಈ ಮಾತು ಹೊಸದೇನೂ ಅಲ್ಲ.

ಬಿತ್ತುವ ಬೆಳೆಗಳಲ್ಲಿ ಹಲವು ವರ್ಷ ನಿಲ್ಲುವಂಥವು ಬಿಳಿ ಕ್ಲೋವರ್ ಮತ್ತು ಚಿಕೋರಿ. ಚಿಕೋರಿಯೆಂದರೆ ನಮ್ಮ ಕಾಫಿಪುಡಿಯಲ್ಲಿ ಯಾವ ಗಿಡದ ಬೇರು ಬೆರೆಯುವುದೋ ಅದೇ. ಅಲ್ಲಿ ಜಿಂಕೆ ಅದರ ಎಲೆಯನ್ನು ತಿನ್ನುತ್ತದೆ. ಕ್ಲೋವರ್ ಬೀಜ ಬಲು ಸಣ್ಣದು. ಕಾಲು ಅಂಗುಲಕ್ಕಿಂತ ಆಳಕ್ಕೆ ಹೋದರೆ ಮೇಲೆ ಬರಲಾರದು. ಆದ್ದರಿಂದ ಹದಮಾಡಿದ ಮಣ್ಣನ್ನು ಮೊದಲು ಗಟ್ಟಿಯಾಗಿ ಒತ್ತಿ, ಬೀಜವನ್ನು ಮೇಲೆ ಚೆಲ್ಲಿ, ಮತ್ತೊಮ್ಮೆ ಒತ್ತುತ್ತಾರೆ. ಬೇರುಗಂಟಿನಲ್ಲಿ ಸಾರಜನಕವನ್ನು ಹಿಡಿಯುವ ರೈಜೋಬಿಯಂ ಅಣುಜೀವಿಯನ್ನು ಬೀಜಕ್ಕೆ ಲೇಪಿಸಬೇಕು. ಒಂದೊಂದು ಗುಂಪಿನ ದ್ವಿದಳಕ್ಕೆ ಒಂದೊಂದು ತಳಿ. ಕ್ಲೋವರಿನೊಡನೆ ಓಟ್ಸನ್ನು ಬಿತ್ತುವುದೂ ಉಂಟು. ಓಟ್ಸ್ ಬೇಗ ಎದ್ದು ಜಿಂಕೆಯ ಬಾಯಿಗೆ ಸಿಕ್ಕುತ್ತದೆ; ಆ ಮರೆಯಲ್ಲಿ ಕ್ಲೋವರ್ ಬೇರೂರುತ್ತದೆ. ಚಳಿಗಾಲ ಮುಗಿಯುವ ವೇಳೆಗೆ, ನೆಲ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ ಬಿರುಕುಬಿಡುವ ದಿನಗಳಲ್ಲಿ, ಬೀಜವನ್ನು ಸುಮ್ಮನೆ ಎರಚಿಬಿಡುವ ಪದ್ಧತಿಯೊಂದಿದೆ. ಬಿರುಕುಗಳೇ ಬೀಜವನ್ನು ಒಳಕ್ಕೆಳೆದುಕೊಳ್ಳುತ್ತವೆ. ಉಳುವ ಶ್ರಮವಿಲ್ಲದ ಇಂತಹ ಬಿತ್ತನೆಯನ್ನು ಓದಿದಾಗ ನಮಗೆ ಸ್ವಲ್ಪ ಅಸೂಯೆಯೇ ಆಯಿತು.

ಬೇಸಗೆಯ ವಾರ್ಷಿಕ ಬೆಳೆಗಳು ಸೋಯಾ, ಅಲಸಂದೆ ಮತ್ತು, ಕನ್ನಡಿಗರಿಗೆ ಆಶ್ಚರ್ಯವಾಗಬಹುದು, ಅವರೆ. ಲ್ಯಾಬ್‌ಲ್ಯಾಬ್ ಎಂಬ ಹೆಸರಿನಿಂದ ದಕ್ಷಿಣದ ರಾಜ್ಯಗಳಲ್ಲಿ ಜಿಂಕೆಯ ಮೇವಿಗೆಂದೇ ಮಾರುವ ಬೀಜ ನಮ್ಮ ಅವರೆಯ ಕುಲದ್ದೇ. ಅವರೆಕಾಳಿನ ಸೊಗಡಿಗಾಗಿ ಮಾಗಿಯನ್ನು ಎದುರುನೋಡುವ ನಮಗೆ, ಅದು ಟೆಕ್ಸಾಸಿನಲ್ಲಿ ಕಾಯಿ ಬಿಡುವುದಕ್ಕೆ ಮೊದಲೇ ಮೃಗದ ಹೊಟ್ಟೆ ಸೇರುವುದು ಅನ್ಯಾಯವೆನಿಸಿದರೆ ತಪ್ಪಿಲ್ಲ. ಅಲ್ಲಿ ಬೇಕಾದುದು ಕಾಳಲ್ಲ, ಸೊಪ್ಪು. ಬರವನ್ನು ತಾಳಿಕೊಂಡು, ಬೇಸಗೆಯ ಕಾವಿನಲ್ಲಿಯೂ ಹಬ್ಬಿ, ಹೆಚ್ಚು ಪ್ರೋಟೀನುಳ್ಳ ಎಲೆಯನ್ನು ಕೊಡುವುದೇ ಅದರ ಗುಣ. ಹಾಲೂಡುವ ಹೆಣ್ಣಿಗೂ ಕೊಂಬು ಬೆಳೆಯುತ್ತಿರುವ ಗಂಡಿಗೂ ಬೇಸಗೆಯಲ್ಲಿ ಬೇಕಾದುದು ಅದೇ. ದೋಷವೆಂದರೆ, ತಾಕು ಚಿಕ್ಕದಾದರೆ ಮೊಳಕೆಯಲ್ಲಿಯೇ ಜಿಂಕೆ ಅದನ್ನು ಮುಗಿಸಿಬಿಡುತ್ತದೆ. ಸೋಯಾಕ್ಕೂ ಇದೇ ಗತಿ. ಹಾಗಾಗಿ ಜಿಂಕೆಗಾಗಿಯೇ ಬಿತ್ತಿದ ಹೊಲಕ್ಕೆ ಕೆಲವು ವಾರಗಳ ಕಾಲ ವಿದ್ಯುತ್ ಬೇಲಿ ಹಾಕಿ ಜಿಂಕೆಯನ್ನು ದೂರವಿಡುವ ಪ್ರಸಂಗವೂ ಬರುತ್ತದೆ.

ಬೇಟೆಯ ಋತು ಬರುವುದು ಶರತ್ಕಾಲದಲ್ಲಿ. ಅದಕ್ಕಾಗಿ ಬೇಸಗೆಯ ಕೊನೆಯಲ್ಲಿ ಟರ್ನಿಪ್, ರೇಪ್, ಮೂಲಂಗಿಗಳನ್ನೂ, ಸ್ವಲ್ಪ ತಡವಾಗಿ ಗೋಧಿ, ಓಟ್ಸ್, ರೈಗಳನ್ನೂ ಬಿತ್ತುತ್ತಾರೆ. ಟರ್ನಿಪ್ಪಿನ ಎಲೆಯನ್ನು ಜಿಂಕೆ ಮೊದಮೊದಲು ಮೂಸಿಯೂ ನೋಡದಿರಬಹುದು. ಹಿಮ ಬಿದ್ದ ಮೇಲೆ ಎಲೆಯಲ್ಲಿ ಸಕ್ಕರೆ ಹೆಚ್ಚಿ ಅದೇ ಸವಿಯಾಗುತ್ತದೆ. ರೈ ಬಡನೆಲದ ಬಂಧು. ಹುಳಿಮಣ್ಣಿನಲ್ಲಿಯೂ ಬೆಳೆದು ಚಳಿಯನ್ನು ದಾಟಿ, ವಸಂತದ ಮೊದಲಿಗೆ ಬೇರೇನೂ ಹಸುರಿಲ್ಲದಾಗ ಚಿಗುರುತ್ತದೆ.

ಪೋಷಣೆಯ ಕೆಲಸ ಬಿತ್ತನೆಗಿಂತ ದೀರ್ಘವಾದುದು. ಕಳೆ ಹೂವಿಡುವ ಹೊತ್ತಿಗೆ ಕ್ಲೋವರನ್ನು ಆರೆಂಟು ಅಂಗುಲ ಉಳಿಸಿ ಮೇಲೆ ಕತ್ತರಿಸಬೇಕು, ಕಡುಬೇಸಗೆಯಲ್ಲಿ ಮುಟ್ಟಬಾರದು. ಸಾರಜನಕದ ಗೊಬ್ಬರವನ್ನು ಕ್ಲೋವರಿಗೆ ಕೊಟ್ಟರೆ ಹುಲ್ಲು ಕಳೆಗಳಿಗೆ ಔತಣವಾಗುತ್ತದೆ; ಅದಕ್ಕೆ ಬೇಕಾದುದು ರಂಜಕ ಮತ್ತು ಪೊಟ್ಯಾಷ್. ಟರ್ನಿಪ್ ಜಾತಿಯನ್ನು ಒಂದೇ ನೆಲದಲ್ಲಿ ವರ್ಷವರ್ಷವೂ ಹಾಕಿದರೆ ರೋಗ ಬೇರೂರುವುದರಿಂದ ಬೆಳೆ ಬದಲಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾದ ಸಾಧನವೊಂದು ಬಲು ಅಗ್ಗವಾದುದು: ಮೂರು ನಾಲ್ಕು ಅಡಿ ಅಗಲಕ್ಕೆ ಸುತ್ತಿದ ತಂತಿಬಲೆಯ ಪಂಜರ. ಅದನ್ನು ಬಿತ್ತಿದ ದಿನವೇ ತಾಕಿನ ನಡುವೆ ನಿಲ್ಲಿಸುತ್ತಾರೆ. ಒಳಗಿನ ಪೈರಿಗೆ ಜಿಂಕೆಯ ಬಾಯಿ ತಾಗದು. ಒಳಗೂ ಹೊರಗೂ ಪೈರು ಒಂದೇ ಎತ್ತರವಿದ್ದರೆ ಜಿಂಕೆ ಬರುತ್ತಿಲ್ಲವೆಂದರ್ಥ. ಒಳಗೆ ಮೊಣಕಾಲೆತ್ತರವಿದ್ದು ಹೊರಗೆ ನೆಲ ಬೋಳಾಗಿದ್ದರೆ, ಆ ನೆಲ ತಾಳುವುದಕ್ಕಿಂತ ಜಿಂಕೆಗಳು ಹೆಚ್ಚಾಗಿವೆಯೆಂದರ್ಥ. ಆಗ ಇನ್ನೊಂದು ತಾಕನ್ನು ಮಾಡುವುದು ಪರಿಹಾರವಲ್ಲ. ಹೆಣ್ಣು ಜಿಂಕೆಗಳ ಸಂಖ್ಯೆಯನ್ನು ಇಳಿಸಬೇಕು. ದೊಡ್ಡ ಕೊಂಬಿನ ಗಂಡಿಗೆ ಆಸೆಪಟ್ಟು ಹೆಣ್ಣನ್ನು ಬಿಡುವ ಬೇಟೆಗಾರನಿಗೆ ಈ ಪಂಜರ ಹೇಳುವ ಸತ್ಯ ಬಹುಕಾಲ ರುಚಿಸಲಿಲ್ಲ.

ಬೇಟೆಯ ದೃಷ್ಟಿಯಿಂದ ತಾಕಿನ ಆಕಾರವೂ ಗಾಳಿಯ ದಿಕ್ಕೂ ಮುಖ್ಯ. ಜಿಂಕೆಯ ಬಲ ಅದರ ಮೂಗು. ಅಟ್ಟಣೆ ಗಾಳಿಯ ಕೆಳಗಿರಬೇಕು. ಅಲ್ಲಿಗೆ ಹೋಗುವ ದಾರಿ ತಾಕನ್ನು ಹಾಯಬಾರದು. ಬಿಲ್ಲಿನವರು ಜಿಂಕೆಯನ್ನು ಇಪ್ಪತ್ತು ಮೂವತ್ತು ಗಜದೊಳಕ್ಕೆ ತರಬೇಕಾದುದರಿಂದ ತಾಕನ್ನು ನಡುವೆ ಸೊಂಟದಂತೆ ಕಿರಿದುಮಾಡುತ್ತಾರೆ. ದಿನವೂ ಒಂದೇ ಕಡೆ ಕುಳಿತರೆ ಜಿಂಕೆ ಕಲಿತುಕೊಂಡು ಕತ್ತಲಾದ ಮೇಲಷ್ಟೇ ಬರುತ್ತದೆ.

ಇದು ಆಮಿಷವೊಡ್ಡಿ ಕೊಲ್ಲುವುದಲ್ಲವೇ? ಅನೇಕ ರಾಜ್ಯಗಳಲ್ಲಿ ಮುಸುಕಿನ ಜೋಳವನ್ನು ರಾಶಿಹಾಕಿ ಅದರ ಬಳಿ ಬೇಟೆಯಾಡುವುದು ಅಪರಾಧ; ಬಿತ್ತಿ ಬೆಳೆದ ಜೋಳದ ಅಂಚಿನಲ್ಲಿ ಕುಳಿತು ಹೊಡೆಯುವುದು ನ್ಯಾಯಸಮ್ಮತ. ಮೊದಲ ನೋಟಕ್ಕೆ ಈ ಭೇದ ಬರಿಯ ಮಾತಿನ ಕಸರತ್ತಾಗಿ ಕಂಡರೂ ಅದಕ್ಕೆ ಆಧಾರವಿಲ್ಲದಿಲ್ಲ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಚಳಿಗಾಲದಲ್ಲಿ ಚಿಗುರುಕಡ್ಡಿಗಳಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಕಾಳು ಸುರಿದರೆ ಆಮ್ಲತೆಯೇರಿ ಅದು ಸಾಯಬಹುದು. ಎರಡನೆಯ ಕಾರಣ ಇನ್ನೂ ಗಂಭೀರ. ೧೯೬೭ರಲ್ಲಿ ಕಾಲರಾಡೊ ರಾಜ್ಯದ ಸಂಶೋಧನಾಗಾರವೊಂದರಲ್ಲಿ ಸಾಕಿದ ಜಿಂಕೆಗಳಲ್ಲಿ ಮೊದಲು ಕಂಡ ಕ್ಷಯಕಾರಿ ರೋಗವೊಂದು, ೧೯೭೮ರಲ್ಲಿ ಮೆದುಳನ್ನು ರಂಧ್ರಗೊಳಿಸುವ ರೋಗಗಳ ಗುಂಪಿಗೆ ಸೇರಿದ್ದೆಂದು ಗೊತ್ತಾಯಿತು. ಇದಕ್ಕೆ ಚಿಕಿತ್ಸೆಯಿಲ್ಲ, ಇದರ ವಿಷಕಣ ಜೊಲ್ಲಿನಲ್ಲಿಯೂ ಮಲಮೂತ್ರಗಳಲ್ಲಿಯೂ ಹೊರಬಂದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ೨೦೦೨ರಲ್ಲಿ ಅದು ವಿಸ್ಕಾನ್ಸಿನ್ ರಾಜ್ಯದ ಕಾಡುಜಿಂಕೆಗಳಲ್ಲಿ ಪತ್ತೆಯಾಯಿತು. ಮೂತಿಗೆ ಮೂತಿ ತಾಗುವ ಕಾಳಿನ ರಾಶಿ ರೋಗ ಹರಡುವುದಕ್ಕೆ ತಕ್ಕ ಸ್ಥಳ. ಎಕರೆಯಗಲ ಹರಡಿದ ಪೈರಿನಲ್ಲಿ ಅಪಾಯ ಕಡಮೆಯೆನ್ನಬಹುದು. ಇಲ್ಲವೇ ಇಲ್ಲವೆನ್ನಲು ನಾವು ಸಿದ್ಧರಿಲ್ಲ. ಜಿಂಕೆಗಳನ್ನು ಒಂದೆಡೆ ಸೇರಿಸುವುದೇ ತಾಕಿನ ಉದ್ದೇಶವಲ್ಲವೆ?

ಈಗ ನೆಗೆತದ ಬೇಲಿಗೆ ಹಿಂದಿರುಗೋಣ. ಬಿಳಿಬಾಲದ ಜಿಂಕೆಯೊಂದು ಸಾಮಾನ್ಯವಾಗಿ ಓಡಾಡುವ ಪ್ರದೇಶ ಒಂದು ಚದರ ಮೈಲಿಯ ಆಸುಪಾಸು, ಅಂದರೆ ಸುಮಾರು ೬೪೦ ಎಕರೆ. ಅಲ್ಲಿಯ ಸಣ್ಣ ಹಿಡುವಳಿಯ ಪರಿಚಿತ ಅಳತೆ ೪೦ ಎಕರೆ. ಸಾವಿರ ಎಕರೆಯುಳ್ಳವನು ನಡುವೆ ಹತ್ತು ಎಕರೆ ಕ್ಲೋವರ್ ಬೆಳೆದರೆ, ಶರತ್ಕಾಲದ ಸಂಜೆಗಳಲ್ಲಿ ಸುತ್ತಣ ಜಿಂಕೆಗಳು ಅವನ ಎಲ್ಲೆಯನ್ನು ದಾಟಿ ಹೊರಬರುವ ಕಾರಣವೇ ಇರುವುದಿಲ್ಲ. ಗೂಟವಿಲ್ಲ, ಕಂದಕವಿಲ್ಲ, ಅರಸನ ಅಪ್ಪಣೆಯಿಲ್ಲ. ಆದರೂ ಒಳಕ್ಕೆ ಬಂದುದು ಹೊರಕ್ಕೆ ಹೋಗುವುದಿಲ್ಲ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನೆಲ ಖಾಸಗಿಯವರ ಕೈಯಲ್ಲಿರುವ ಟೆಕ್ಸಾಸಿನಂತಹ ರಾಜ್ಯದಲ್ಲಿ, ನೆಲವಿಲ್ಲದವನು ಋತುವಿಗಿಷ್ಟೆಂದು ಗುತ್ತಿಗೆಹಣ ತೆತ್ತು ಆ ತಾಕಿನ ಅಟ್ಟಣೆಯನ್ನೇರಬೇಕಾಗುತ್ತದೆ. ಕಾನೂನಿನ ಪ್ರಕಾರ ಅವನು ಕೊಡುವುದು ಜಿಂಕೆಯ ಬೆಲೆಯಲ್ಲ, ನೆಲದೊಳಕ್ಕೆ ಹೋಗುವ ಬೆಲೆ. ತಾಕು ಮಾಡುವವರೆಲ್ಲರ ಉದ್ದೇಶ ಇದೆಂದು ನಾವು ಹೇಳುತ್ತಿಲ್ಲ. ಬಿತ್ತುವವರಲ್ಲಿ ಬಹುಮಂದಿ ಮಣ್ಣನ್ನು ಪ್ರೀತಿಸಲು ಕಲಿತವರೆಂದೂ, ಅವರ ಕ್ಲೋವರಿನಲ್ಲಿ ಜೇನುಹುಳು, ಮೊಲ, ಕಾಡುಕೋಳಿಗಳಿಗೂ ಪಾಲು ದೊರೆಯುವುದೆಂದೂ ಒಪ್ಪಲೇಬೇಕು. ಆದರೆ ೧೭೭೬ರಲ್ಲಿ ಬೇಲಿಯನ್ನು ಮಾತ್ರ ಗಡಿಯೆಂದೆಣಿಸಿದವರು ಬೀಜವೂ ಗಡಿಯಾಗಬಹುದೆಂದು ಊಹಿಸಿರಲಿಲ್ಲ.

ಈ ಇಕ್ಕಟ್ಟಿಗೆ ಅಲ್ಲಿಯ ಜನರೇ ಒಂದು ದಾರಿಯನ್ನು ಹುಡುಕಿದ್ದಾರೆ. ಅಕ್ಕಪಕ್ಕದ ಹಿಡುವಳಿದಾರರು ಕೂಡಿ, ಎಳೆಯ ಗಂಡುಗಳನ್ನು ಯಾರೂ ಹೊಡೆಯಕೂಡದೆಂದೂ, ಹೆಣ್ಣುಗಳನ್ನು ಎಲ್ಲರೂ ಇಷ್ಟಿಷ್ಟು ಇಳಿಸಬೇಕೆಂದೂ ಒಪ್ಪಂದ ಮಾಡಿಕೊಳ್ಳುತ್ತಾರೆ. ನಲವತ್ತು ಎಕರೆಯವನೂ ಆಗ ದೊಡ್ಡ ನೆಲದ ಪಾಲುಗಾರನಾಗುತ್ತಾನೆ. ಇಂತಹ ಒಪ್ಪಂದಕ್ಕೆ ನೆರೆಹೊರೆಯ ನಂಬಿಕೆಯಲ್ಲದೆ ಬೇರೆ ಆಧಾರವಿಲ್ಲ. ಒಪ್ಪಂದವಿಲ್ಲದ ಕಡೆ ನಡೆಯುವುದು ಹೀಗೆ: ವರ್ಷವೆಲ್ಲ ಒಬ್ಬನ ಅವರೆಯನ್ನೂ ಟರ್ನಿಪ್ಪನ್ನೂ ಮೇದ ಗಂಡುಜಿಂಕೆ ನವೆಂಬರಿನ ಒಂದು ಸಂಜೆ ಎಲ್ಲೆ ದಾಟಿ ನೆರೆಯವನ ಗುಂಡಿಗೆ ಬಿದ್ದರೆ, ಅದು ನ್ಯಾಯವಾಗಿ ನೆರೆಯವನದೇ. ಬಿತ್ತಿದವನು ಹೊಡೆದು ಗಾಯಗೊಂಡ ಜಿಂಕೆಯೇ ಎಲ್ಲೆಯಾಚೆಗೆ ಓಡಿ ಬಿದ್ದರೂ, ಅನೇಕ ರಾಜ್ಯಗಳಲ್ಲಿ ಅವನು ನೆರೆಯವನ ಬಾಗಿಲಿಗೆ ಹೋಗಿ ಅಪ್ಪಣೆ ಕೇಳಿಯೇ ಅದನ್ನು ತರಬೇಕು.